ನೂರಾ ಹತ್ತರೊಳಗೆ ಇಪ್ಪತ್ತೆಂಟು ಪಾವಟಿಗೆ

ಆಚಾರ್ರು ಅಂಗಳದಲ್ಲಿ ಮೂರನೇ ಸುತ್ತು ಹಾಕುತ್ತಿದ್ದಾಗ ಅವರ ಎದೆಬಡಿತ ಸೊನ್ನೆ ಇತ್ತು. ಸೊನ್ನೆಯಲ್ಲೇ ಅವರು ತುಳಸಿಕಟ್ಟೆ ಸುತ್ತಿದರು, ಹೆಂಡತಿಗೆ ಚಹಾ ಇಡಲು ಹೇಳಿದರು, ನನಗೆ ಕುರ್ಚಿ ತೋರಿಸಿದರು.

"ಮೇಡಮ್ಮೋರೇ, ಇದು ಏನ್ ಹೇಳಾಕತ್ತದ?" ಎಂದು ಮುಂಗೈ ಮುಂದೆ ಮಾಡಿದರು.

"ನೀವು ಇಲ್ಲ ಅನ್ನಾಕತ್ತದ್ರಿ."

"ಇದ್ದೀನಲ್ಲ!"

ಎದೆಬಡಿತ ಎಣಿಸುವ ಆ ಗಡಿಯಾರ ಬಿಚ್ಚಿ ತಿರುಗಿಸಿ ನೋಡಿದೆ. ಹಿಂಬದಿಗೆ, ಹಸಿರು ದೀಪ ಮಿನುಗುವ ಜಾಗದ ಮೇಲೆ, ಹಾಲಿನ ಪಾಕೀಟಿನ ಒಂದು ತುಂಡು ಕೂತಿತ್ತು. ಕತ್ತರಿಯಿಂದ ಅಂದವಾಗಿ ದುಂಡಗೆ ಕತ್ತರಿಸಿ, ಅಂಚಿಗೆ ದಾರ ಸುತ್ತಿ ಬಿಗಿದಿದ್ದರು. ಆ ಕೆಲಸ ನೋಡಿದರೆ ಬೈಯಲು ಮನಸ್ಸು ಬರುವ ಹಾಗಿರಲಿಲ್ಲ.

"ದವಾಖಾನಿ ಸಾಮಾನದ. ಮುಂದ ವಾಪಸ್ ಕೊಡಬೇಕು. ಬೆವರು ಹತ್ತಿ ಹಾಳಾದ್ರ ಯಾರು ಜವಾಬ್ದಾರಿ?" ಎಂದರು ಆಚಾರ್ರು.

ನಾನು ಚಿತ್ತಾಪುರದ ಒಂದು ಸಣ್ಣ ಖಾಸಗಿ ದವಾಖಾನೆಯಲ್ಲಿ ಫಿಜಿಯೋಥೆರಪಿ ಮಾಡುವವಳು. ಸೊಂಟ ನೋವು, ಮೊಣಕಾಲು ನೋವು, ಬೈಕಿನಿಂದ ಬಿದ್ದ ಭುಜ, ಇವೇ ನನ್ನ ದಿನಗಳು. ಹೃದಯದವರು ನನ್ನ ಹತ್ತಿರ ಬರುವುದು ಅಪರೂಪ. ಆಚಾರ್ರು ಬಂದಿದ್ದು ಕಲಬುರಗಿಯಲ್ಲಿ ಸ್ಟೆಂಟ್ ಹಾಕಿಸಿಕೊಂಡ ಮೇಲೆ. ದಂಡೋತಿ ಕಡೆಯ ಒಂದು ಹಳ್ಳಿಯಲ್ಲಿ, ಕಾಗಿಣಾ ಹೊಳೆ ದಂಡೆಯ ಗುಡಿಯ ಅರ್ಚಕರು ಅವರು. ಬೆಳಿಗ್ಗೆ ಹೊಳೆಯಲ್ಲಿ ಮಿಂದು, ಮಡಿಯಲ್ಲಿ ತಾಮ್ರದ ಕೊಡ ತುಂಬಿ, ಹೆಗಲ ಮೇಲಿಟ್ಟುಕೊಂಡು ಇಪ್ಪತ್ತೆಂಟು ಪಾವಟಿಗೆ, ಕಲ್ಲಿನ ಮೆಟ್ಟಿಲು, ಹತ್ತಿ ಬಂದು ದೇವರಿಗೆ ಅಭಿಷೇಕ ಮಾಡಬೇಕು. ಹದಿನೆಂಟನೇ ವಯಸ್ಸಿನಿಂದ ಮಾಡಿಕೊಂಡು ಬಂದ ಕೆಲಸ. ಸ್ಟೆಂಟ್ ಹಾಕಿದ ಡಾಕ್ಟರ್ ಸಾಹೇಬರು ಆ ಕೊಡದ ವಿಷಯ ಕೇಳಿ ಪೆನ್ನು ಕೆಳಗಿಟ್ಟರಂತೆ. ಟ್ರೆಡ್‌ಮಿಲ್ ಮೇಲೆ ನಡೆಸಿ ನೋಡಿ, ಎದೆಬಡಿತ ನಿಮಿಷಕ್ಕೆ ನೂರಾ ಹತ್ತು ದಾಟಬಾರದು ಎಂದು ಗೆರೆ ಎಳೆದರು. ಆರು ವಾರ ವ್ಯಾಯಾಮ ಮಾಡಿಸಿ, ಕೊಡ ಹೊತ್ತು ಹತ್ತಿದಾಗ ಎಷ್ಟು ಬರುತ್ತದೆಂದು ನಂಬುವಂಥ ದಾಖಲೆ ತಂದರೆ ಸಹಿ, ಇಲ್ಲದಿದ್ದರೆ ಇಲ್ಲ. ನಂಬುವಂಥ ಎನ್ನುವ ಪದದ ಕೆಳಗೆ ಅಡ್ಡಗೆರೆ ಬೇರೆ ಎಳೆದಿದ್ದರು.

ಅಷ್ಟರತನಕ ಪೂಜೆಗೆ ಸೇಡಂನಿಂದ ಆಚಾರ್ರ ದಾಯಾದಿ ತಮ್ಮ ಬಸ್ಸಿನಲ್ಲಿ ಬಂದು ಹೋಗುತ್ತಿದ್ದ. ಒಳ್ಳೆಯವನೇ. ಆದರೆ ಅವನ ಒಂದು ಕಣ್ಣು ದೇವರ ಮೇಲೆ, ಇನ್ನೊಂದು ವಾಪಸ್ ಹೋಗುವ ಬಸ್ಸಿನ ಮೇಲೆ. ಹೊಳೆಗೆ ಇಳಿಯದೆ ಗುಡಿ ಹಿಂದಿನ ನಳದಿಂದ ಬಕೀಟು ತುಂಬುತ್ತಿದ್ದ. ಡಾಕ್ಟರು ಸಹಿ ಮಾಡದಿದ್ದರೆ ಅವನನ್ನೇ ಕಾಯಂ ಮಾಡುವುದೆಂದು ಗುಡಿ ಕಮಿಟಿಯವರು ತೀರ್ಮಾನಿಸಿದ್ದರು. ಇದನ್ನು ಹೇಳುವಾಗ ಆಚಾರ್ರು ನನ್ನ ಮುಖ ನೋಡಲಿಲ್ಲ, ಗಡಿಯಾರ ನೋಡುತ್ತಿದ್ದರು.

ಹಾಲಿನ ಪಾಕೀಟು ತೆಗೆದ ಮೇಲೆ ಗಡಿಯಾರ ಮಾತಾಡತೊಡಗಿತು. ಐದನೇ ದಿನ ಅವರ ಹೆಂಡತಿಯ ಫೋನು ಬಂತು. ಊರವರೆಲ್ಲ ಅವರನ್ನು ಕಾಕು ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತಿದ್ದೆ.

"ನೂರಾ ಹದಿನೆಂಟು ಬಂದದ್ರೀ! ಅಂಗಳದಾಗ ಅಡ್ಡಾಡಾಕತ್ತಿದ್ರು. ಹಿಡಕೊಂಡು ಬಂದು ಮಲಗಿಸೀನಿ."

"ಗಾಬರಿ ಆಗಬ್ಯಾಡ್ರಿ ಕಾಕು. ಎದಿ ನೋಯಾಕತ್ತದೇನು? ಬೆವರು?"

"ಏನೂ ಇಲ್ಲಂತಾರ. ಉಪ್ಪಿಟ್ಟು ಕೇಳಾಕತ್ತಾರ."

"ಈಗ ಗಡಿಯಾರದಾಗ ಎಷ್ಟದ?"

"ಎಪ್ಪತ್ತಾರು."

"ಮಲಗಿ ಎಷ್ಟೊತ್ತಾತು?"

"ಈಗಿನ್ನ ಮಲಗ್ಯಾರ್ರಿ. ಚಾದರ ಹೊಚ್ಚಾಕತ್ತೀನಿ."

ಅಲ್ಲೇ ನನಗೆ ಅನುಮಾನ ಬಂತು. ಓಡಿದ ಎದೆ ನಿಲ್ಲುತ್ತಾ ನಿಲ್ಲುತ್ತಾ ಇಳಿಯುತ್ತದೆ. ನೂರಾ ಹದಿನೆಂಟರಿಂದ ಎಪ್ಪತ್ತಾರಕ್ಕೆ ಚಾದರ ಹೊಚ್ಚುವಷ್ಟರಲ್ಲಿ ಧುಮುಕುವುದಿಲ್ಲ, ಅದರಲ್ಲೂ ಎದೆಬಡಿತ ನಿಧಾನ ಮಾಡುವ ಗುಳಿಗೆ ನುಂಗುವವರದ್ದು. ಸ್ಕೂಟಿ ಹತ್ತಿಕೊಂಡು ಹಳ್ಳಿಗೆ ಹೋದೆ.

ಆಚಾರ್ರನ್ನು ಮತ್ತೆ ಎಬ್ಬಿಸಿ ನಡೆಸಿದೆ. ಅವರ ಬಲ ಮುಂಗೈ ಹಿಡಿದು ನಾನೂ ಪಕ್ಕದಲ್ಲೇ ನಡೆದೆ, ಬೆರಳ ತುದಿಯಲ್ಲಿ ನಾಡಿ ಎಣಿಸುತ್ತಾ. ಹದಿನೈದು ಸೆಕೆಂಡಿಗೆ ಇಪ್ಪತ್ತಮೂರು, ಅಂದರೆ ನಿಮಿಷಕ್ಕೆ ತೊಂಬತ್ತೆರಡು. ಎಡಗೈಯಲ್ಲಿದ್ದ ಗಡಿಯಾರ ನೂರಾ ಹದಿನೆಂಟು ಎನ್ನುತ್ತಿತ್ತು. ಆಮೇಲೆ ಅವರ ಹೆಜ್ಜೆ ಎಣಿಸಿದೆ. ನಿಮಿಷಕ್ಕೆ ನೂರಾ ಹದಿನೆಂಟು. ಗಡಿಯಾರ ಕಾಲು ಎಣಿಸಿ ಎದೆಯದೆಂದು ಬರೆದುಕೊಳ್ಳುತ್ತಿತ್ತು!

ತಪ್ಪು ಗಡಿಯಾರದ್ದಷ್ಟೇ ಅಲ್ಲ. ಅದು ಚರ್ಮದೊಳಗೆ ಬೆಳಕು ಬಿಟ್ಟು, ರಕ್ತ ಬಂದು ಹೋಗುವುದನ್ನು ನೋಡುತ್ತದೆ. ಪಟ್ಟಿ ಸಡಿಲವಿದ್ದರೆ ಕೈ ಬೀಸುವ ಅಲುಗಾಟವೇ ಅದಕ್ಕೆ ದೊಡ್ಡದಾಗಿ ಕಾಣುತ್ತದೆ. ಆಚಾರ್ರು ಗಡಿಯಾರವನ್ನು ಬಳೆಯ ಹಾಗೆ ಬಿಟ್ಟುಕೊಂಡಿದ್ದರು, ಬಿಗಿ ಕಟ್ಟಿದರೆ ರಕ್ತ ನಿಲ್ಲುತ್ತದೆಂಬ ಅಂಜಿಕೆಯಿಂದ. ಹೀಗಾಗಿ ಅವತ್ತು ಮೂವರೂ ಕೂತು ಪದ್ಧತಿ ಮಾಡಿಕೊಂಡೆವು. ಮುಂಗೈ ಎಲುಬಿನಿಂದ ಎರಡು ಬೆರಳು ಮೇಲೆ ಕಟ್ಟುವುದು. ಜಗ್ಗಿದರೆ ಜಾರಬಾರದು, ಆದರೆ ಬೆರಳು ಜುಮ್ಮೆನ್ನಬಾರದು. ಕಟ್ಟಿಕೊಂಡು ಐದು ನಿಮಿಷ ಸುಮ್ಮನೆ ಕೂತು, ಬೆರಳಲ್ಲಿ ನಾಡಿ ಎಣಿಸಿ, ಎರಡೂ ಕೂಡಿದ ಮೇಲಷ್ಟೇ ಏಳುವುದು. ನಡುವೆ ಅನುಮಾನ ಬಂದರೆ ಹೆಜ್ಜೆ ನಿಧಾನ ಮಾಡಿ ನೋಡುವುದು, ಅಂಕಿ ಹೆಜ್ಜೆಯ ಜೊತೆಗೇ ಥಟ್ಟನೆ ಇಳಿದರೆ ಅದು ಎದೆಯದಲ್ಲ.

ಕಾಕು ಇದನ್ನೆಲ್ಲ ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲಿ ಬರೆದುಕೊಂಡರು. ಮರುದಿನದಿಂದ ಪಟ್ಟಿ ಬಿಗಿಯುವ ಅಧಿಕಾರ ಅವರದೇ ಆಯಿತು. ಮೂವತ್ತೈದು ವರ್ಷದ ಸಂಸಾರದಲ್ಲಿ ಗಂಡನನ್ನು ಹೀಗೆ ಕೂಡಿಸಿ ನಿಲ್ಲಿಸುವ ಅವಕಾಶ ಅವರಿಗೆ ಸಿಕ್ಕಿರಲಿಲ್ಲ, ಅದನ್ನು ಅವರು ಪೂರಾ ಬಳಸಿಕೊಂಡರು.

ನಮ್ಮ ಕೆಲಸದಲ್ಲಿ ಇನ್ನೊಂದು ಸರಳ ಪರೀಕ್ಷೆ ಇದೆ. ನಡೆಯುತ್ತಾ ಮಾತಾಡಲು ಬಂದರೆ ಶ್ರಮ ಮಿತಿಯಲ್ಲಿದೆ, ಮಾತು ತುಂಡಾದರೆ ನಿಲ್ಲಬೇಕು. ಗಡಿಯಾರ ಕೈಕೊಟ್ಟರೂ ಇದು ಕೈಕೊಡುವುದಿಲ್ಲ ಎಂದು ನಾನು ದೊಡ್ಡ ಮಾತಾಡಿದ್ದೆ. ಆಚಾರ್ರ ಮುಂದೆ ಅದು ನೆಲಕಚ್ಚಿತು. ಅವರು ಒಂದೇ ಉಸಿರಿಗೆ ಮಂತ್ರದ ಎಂಟು ಸಾಲು ಹೇಳಿ, ಒಂಬತ್ತನೆಯದನ್ನು ನನಗೆ ಅರ್ಥ ಬಿಡಿಸಿ, ಮತ್ತೆ ಮೊದಲಿನಿಂದ ಶುರು ಮಾಡುವವರು. ಉಸಿರನ್ನು ಪಳಗಿಸಿಕೊಂಡ ಗಂಟಲು ಅದು. ಎದೆ ಒಡೆಯುತ್ತಿದ್ದರೂ ಮಾತು ತುಂಡಾಗುವುದಿಲ್ಲ. ಮಾತು ತುಂಡಾಗುತ್ತಿದ್ದುದು ಪಕ್ಕದಲ್ಲಿ ನಡೆಯುತ್ತಿದ್ದ ನನ್ನದು. ಅದನ್ನು ನಾನು ಆಗ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ನಾಲ್ಕನೇ ವಾರದ ಹೊತ್ತಿಗೆ ನಡಿಗೆಯ ದಾಖಲೆ ಚೊಕ್ಕಟವಾಗಿತ್ತು. ಉಳಿದಿದ್ದು ಕೊಡ. ದವಾಖಾನೆಯ ಮೆಟ್ಟಿಲ ಮೇಲೆ ಒಂದು ಬಕೀಟು ನೀರು ಕೊಟ್ಟು ಹತ್ತಿಸಿ ನೋಡಿದೆ. ಬಕೀಟಿನ ಹಿಡಿಕೆ ಬಿಗಿಯಾಗಿ ಹಿಡಿದ ಕೂಡಲೇ ಮುಂಗೈ ನರ ಉಬ್ಬಿ, ಪಟ್ಟಿ ಸರಿದು, ಗಡಿಯಾರ ನೂರಾ ನಲವತ್ತು ಎಂದಿತು, ಮರುಗಳಿಗೆ ಅರವತ್ತೆರಡು ಎಂದಿತು. ನೀರು ಮೂರು ಮೆಟ್ಟಿಲು ಚೆಲ್ಲಿತು. ನೆಲ ಒರೆಸುವ ಅಕ್ಕ, "ಏನ್ ಆಟ ಹಚ್ಚೀರಿ ಮೇಡಮ್, ಒಬ್ಬಾಕಿ ಮುದುಕಿ ಜಾರಿದ್ರ ಅಕೀಗೂ ಸ್ಟೆಂಟ್ ಹಾಕ್ತೀರೇನು?" ಎಂದು ನನ್ನನ್ನೂ ಆಚಾರ್ರನ್ನೂ ಹೊರಗೆ ಕಳಿಸಿದಳು. ಕಲಬುರಗಿಯ ಡಾಕ್ಟರಿಗೆ ಫೋನ್ ಮಾಡಿದರೆ, "ಎಲ್ಲಿ ಹೊರತಾರೋ ಅಲ್ಲೇ ನೋಡ್ರಿ. ಹೊಳೀ ದಂಡಿಗೆ ಹೋಗ್ರಿ" ಎಂದರು.

ಹೊಳೆ ದಂಡೆಯಲ್ಲಿ ದೊಡ್ಡ ತೊಡಕೇ ಬೇರೆ. ಕೊಡ ಮುಟ್ಟುವುದು ಮಡಿಯಲ್ಲಿ. ಮಡಿಯಲ್ಲಿದ್ದಾಗ ಆಚಾರ್ರನ್ನು ಯಾರೂ ಮುಟ್ಟುವಂತಿಲ್ಲ. ನನ್ನ ಮುಖ ಸಣ್ಣದಾಗಿದ್ದು ನೋಡಿ ಅವರೇ ಹೇಳಿದರು: "ನೀವಷ್ಟೇ ಅಲ್ಲ, ನಿಮ್ಮ ಕಾಕುನೂ ನಾಕು ಹೆಜ್ಜಿ ದೂರ." ಅಂದರೆ ಬೆರಳಲ್ಲಿ ನಾಡಿ ಎಣಿಸುವುದು ಬಂದ್. ಗಡಿಯಾರವೂ ಮಡಿಗೆ ನಡೆಯುವುದಿಲ್ಲ, ಮನೆಮಂದಿಯೆಲ್ಲ ಮುಟ್ಟಿದ ವಸ್ತು. ನಡೆದಿದ್ದರೂ ಪ್ರಯೋಜನವಿರಲಿಲ್ಲ, ತಣ್ಣೀರಲ್ಲಿ ಮಿಂದ ಕೈಯಲ್ಲಿ ರಕ್ತ ಒಳಗೆ ಸರಿದಿರುತ್ತದೆ, ಬೆಳಕಿಗೆ ಏನೂ ಕಾಣುವುದಿಲ್ಲ.

ಎರಡು ದಿನ ತಲೆ ಕೆಡಿಸಿಕೊಂಡೆ. ಕೊಡವನ್ನೇ ಬಿಡಿಸಿ, ಸಾಧ್ಯವಾಗಲಿಲ್ಲ ಎಂದು ಡಾಕ್ಟರಿಗೆ ಬರೆದುಬಿಡಲೇ ಎಂದೂ ಅನ್ನಿಸಿತು. ನನ್ನ ಕೆಲಸಕ್ಕೆ ಅದರಿಂದ ಕುಂದೇನೂ ಇರಲಿಲ್ಲ. ಆದರೆ ಆಚಾರ್ರು ಆ ನಾಲ್ಕು ವಾರದಲ್ಲಿ ಒಂದು ದಿನವೂ ತಪ್ಪಿಸಿರಲಿಲ್ಲ. ಕೊನೆಗೆ ವಾಡಿಯಲ್ಲಿ ಓಟದ ಹುಡುಗಿಯರಿಗೆ ತರಬೇತಿ ಕೊಡುವ ಗೆಳತಿಯೊಬ್ಬಳಿಗೆ ಫೋನ್ ಮಾಡಿದೆ. ಅವಳು ನಕ್ಕು, "ಮುಂಗೈ ಬಿಡು, ಎದೆಗೆ ಕಟ್ಟು" ಎಂದಳು.

ಎದೆಪಟ್ಟಿ ಹಿಗ್ಗುವ ಬಟ್ಟೆಯದು, ಒಳಬದಿಗೆ ಎರಡು ರಬ್ಬರಿನ ಪಟ್ಟೆ, ನಡುವೆ ಗುಂಡಿಯಂಥ ಒಂದು ಯಂತ್ರ. ಅದು ಬೆಳಕಿನಿಂದ ನೋಡುವುದಿಲ್ಲ, ಎದೆ ಬಡಿದಾಗ ಹುಟ್ಟುವ ವಿದ್ಯುತ್ತನ್ನೇ ಹಿಡಿದು, ಗಡಿಯಾರದ ಹಾಗೇ, ಹತ್ತು ಹೆಜ್ಜೆಯೊಳಗಿನ ನನ್ನ ಫೋನಿಗೆ ಕಳಿಸುತ್ತದೆ. ಹೊಸದೇ ತರಿಸಿದೆ, ಪೆಟ್ಟಿಗೆ ಒಡೆಯದೆ ಆಚಾರ್ರ ಮುಂದಿಟ್ಟೆ. ಅವರು ದೂರದಿಂದಲೇ ವಿಚಾರಣೆ ಶುರು ಮಾಡಿದರು.

"ತೊಗಲಿನದೇನು?"

"ಅಲ್ರಿ. ಬಟ್ಟಿ, ರಬ್ಬರು."

"ಯಾರರ ಕಟ್ಟಿಕೊಂಡಾರೇನು?"

"ಯಾರೂ ಇಲ್ಲ."

"ಹೆಂಗ ಕಟ್ಟೋದು?"

"ಮೊದಲು ನೀರಾಗ ಅದ್ದಬೇಕ್ರಿ. ಒದ್ದಿ ಇದ್ದರಷ್ಟೇ ಇದು ಕೆಲಸ ಮಾಡ್ತದ. ಒಣಗಿದ್ದು ಕಟ್ಟಿದ್ರ ಏನೂ ಹೇಳಂಗಿಲ್ಲ."

ಆಚಾರ್ರು ಪೆಟ್ಟಿಗೆಯ ಹತ್ತಿರ ಸರಿದರು. ಆಮೇಲೆ ತೊಡೆ ತಟ್ಟಿದರು. "ನೀರಾಗ ಅದ್ದಿ ಒದ್ದಿಲೇ ಕಟ್ಟೋದಂದ್ರ ಅದು ಮಡೀನೇ ಅಲ್ಲೇನ್ರೀ! ಇದನ್ನ ಮಾಡಿದವರಿಗೆ ಶಾಸ್ತ್ರ ಗೊತ್ತದ!"

ಯಾವ ದೇಶದ ಯಾವ ಎಂಜಿನಿಯರು ಮಾಡಿದ್ದೋ, ಶಾಸ್ತ್ರ ಗೊತ್ತಿದ್ದವನೆಂದು ಅವತ್ತು ತೀರ್ಪಾಯಿತು.

ಮರುದಿನ ಆಚಾರ್ರು ಹೊಳೆ ದಂಡೆಯಲ್ಲಿ ಕೊಡವಿಲ್ಲದೆ ಮಡಿಯಲ್ಲಿ ನಿಂತು ಪಟ್ಟಿ ಕಟ್ಟಿಕೊಂಡು ನೋಡಿದರು. ಫೋನಿನಲ್ಲಿ ಬರೀ ಅಡ್ಡಗೆರೆ. ನಾಲ್ಕು ಹೆಜ್ಜೆ ದೂರದಿಂದ ಕಣ್ಣು ಕಿರಿದು ಮಾಡಿ ನೋಡಿದೆ. ಪಟ್ಟಿ ಕೂತಿದ್ದು ಸರಿಯಾಗಿ ಎದೆಗೆ ಹಚ್ಚಿದ ಗೋಪಿಚಂದನದ ಮುದ್ರೆಯ ಮೇಲೆ. ಒಣಗಿದ ಮಣ್ಣು ನಡುವೆ ಇದ್ದರೆ ರಬ್ಬರಿಗೆ ಚರ್ಮ ಸಿಗುವುದಿಲ್ಲ. ಹೇಗೆ ಹೇಳುವುದೆಂದು ತಿಳಿಯದೆ ನಮ್ಮ ಅಮ್ಮಿಯ ಮಾತು ಹೇಳಿದೆ. ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆದು ವಜೂ ಮಾಡುವಾಗ ಉಗುರಿಗೆ ಬಣ್ಣವಿದ್ದರೆ ಅಮ್ಮಿ ಬಿಡುತ್ತಿರಲಿಲ್ಲ. ನೀರು ಮೈಗೆ ಮುಟ್ಟಬೇಕು, ನಡುವೆ ಏನೂ ಇರಬಾರದು.

"ಬರೋಬ್ಬರಿ ಹೇಳ್ಯಾರ ನಿಮ್ಮಮ್ಮ. ಅದಕೇನು, ಪಟ್ಟಿ ಮೊದಲು, ಮುದ್ರಿ ಎರಡು ಬೆರಳು ಮ್ಯಾಲ" ಎಂದು ಆಚಾರ್ರು ಮತ್ತೆ ಹೊಳೆಗಿಳಿದು ಮಿಂದು ಬಂದರು. ಈ ಸಲ ಎಂಬತ್ತೊಂದು ಬಂತು, ಅಲುಗದೆ ನಿಂತಿತು.

ಪರೀಕ್ಷೆಯ ದಿನ ಬೆಳಿಗ್ಗೆ ಆರಕ್ಕೆ ನಾನು ದಂಡೆಯಲ್ಲಿದ್ದೆ. ಅರ್ಧ ಕೊಡವೇ ತುಂಬಬೇಕೆಂದು ಡಾಕ್ಟರರ ಕಟ್ಟುನಿಟ್ಟು. ಕಾಕು ಮೇಲೆ ಗುಡಿ ಬಾಗಿಲಲ್ಲಿ, ಅವರ ಪಕ್ಕ ಕಮಿಟಿಯ ಹಿರಿಯರೊಬ್ಬರು, ಸೇಡಂ ತಮ್ಮ ಚೀಲ ಹೆಗಲಿಗೆ ಹಾಕಿಕೊಂಡೇ ನಿಂತಿದ್ದ. ಮನೆಯಿಂದ ಹೊಳೆಯತನಕ ಆಚಾರ್ರು ಗಡಿಯಾರ ಕಟ್ಟಿಕೊಂಡು ಬಂದಿದ್ದರು. ಸ್ನಾನಕ್ಕೆ ಇಳಿಯುವ ಮುಂಚೆ ಬಿಚ್ಚಿ ಕಲ್ಲಿನ ಮೇಲಿಟ್ಟರು. ನನ್ನ ಕುರ್ತಾಕ್ಕೆ ಜೇಬಿರಲಿಲ್ಲ. ಕಳೆದುಹೋದೀತೆಂದು ಎತ್ತಿ ನನ್ನ ಮುಂಗೈಗೆ ಕಟ್ಟಿಕೊಂಡೆ, ನಮ್ಮದೇ ಪದ್ಧತಿ ಪ್ರಕಾರ, ಎಲುಬಿನಿಂದ ಎರಡು ಬೆರಳು ಮೇಲೆ, ಬಿಗಿಯಾಗಿ.

ಆಚಾರ್ರು ಪಟ್ಟಿ ಅದ್ದಿ ಕಟ್ಟಿದರು, ಮುದ್ರೆ ಹಚ್ಚಿದರು, ಅರ್ಧ ಕೊಡ ಹೆಗಲಿಗೇರಿಸಿ ಹತ್ತತೊಡಗಿದರು. ನಾನು ನಾಲ್ಕು ಹೆಜ್ಜೆ ದೂರ ಬಿಟ್ಟು, ಫೋನ್ ಮುಂದಕ್ಕೆ ಚಾಚಿಕೊಂಡು, ಮುಖ ಅವರ ಕಡೆ ಕಾಲು ಗುಡಿ ಕಡೆ ಮಾಡಿ ಏಡಿಯ ಹಾಗೆ ಅಡ್ಡಡ್ಡ ಹತ್ತಿದೆ. ಐದನೇ ಪಾವಟಿಗೆಗೆ ತೊಂಬತ್ತಾರು. ಒಂಬತ್ತಕ್ಕೆ ನೂರಾ ಎಂಟು. ಹನ್ನೆರಡಕ್ಕೆ ನೂರಾ ಇಪ್ಪತ್ತಮೂರು.

"ನಿಲ್ರಿ!" ಎಂದು ಕೂಗಿದೆ.

ಆಚಾರ್ರು ನಿಂತರು.

"ಕೊಡ ಇಳಸ್ರಿ!"

"ಇಳಸಂಗಿಲ್ಲ. ನಡುವ ಇಳಿಸಿದ್ರ ಮತ್ತ ಕೆಳಗಿಂದ ತರಬೇಕು."

"ಇಳಸ್ರಿ ಅಂದ್ರ! ನೂರಾ ಮೂವತ್ತೊಂದು ಆಗ್ಯದ!"

ಮೇಲಿಂದ ಕಾಕು ಕೂಗಿದರು. ಕಮಿಟಿಯ ಹಿರಿಯರು, "ನಾ ಹೇಳಿದ್ದಿಲ್ಲೇನು" ಎಂದರು. ಸೇಡಂ ತಮ್ಮ ಚೀಲ ಕೆಳಗಿಟ್ಟ. ನೂರಾ ಮೂವತ್ತೆಂಟು. ನೂರಾ ನಲವತ್ತೊಂಬತ್ತು. ಮುಟ್ಟಿ ಕೂಡಿಸಲೇ, ಮಡಿ ಹೋದರೆ ಹೋಗಲಿ ಎಂದು ಒಂದು ಹೆಜ್ಜೆ ಮುಂದಿಟ್ಟೆ. ಆಚಾರ್ರು ಕೊಡ ಹೊತ್ತು ಶಾಂತವಾಗಿ ನನ್ನನ್ನೇ ನೋಡುತ್ತಿದ್ದರು.

"ತಂಗಿ, ನನಗೇನೂ ಆಗಿಲ್ಲ. ನಿಮ್ಮ ಮಾರಿ ನೋಡಿದ್ರ ನಿಮಗೇ ಏನೋ ಆಗ್ಯದ."

ನಿಂತವರದ್ದು ಹೀಗೆ ಏರುವುದೆಂದರೇನು? ಹಣೆಯ ಬೆವರು ಒರೆಸಲು ಕೈ ಎತ್ತಿದೆ. ನನ್ನ ಮುಂಗೈಯಲ್ಲಿ ಹಸಿರು ದೀಪ ಮಿನುಗುತ್ತಿತ್ತು. ಫೋನು ಎದೆಪಟ್ಟಿ ಬಿಟ್ಟು, ಮೊದಲಿನಿಂದ ಪರಿಚಯವಿದ್ದ ಗಡಿಯಾರವನ್ನೇ ಹಿಡಿದುಕೊಂಡಿತ್ತು. ಪದ್ಧತಿ ಪ್ರಕಾರ ಬಿಗಿಯಾಗಿ ಕಟ್ಟಿದ್ದರಿಂದ ಒಂದಂಕಿ ತಪ್ಪಿಲ್ಲದೆ ನನ್ನ ಎದೆಯನ್ನು ಊರಿಗೆಲ್ಲ ಸಾರುತ್ತಿತ್ತು. ಕೊನೆಯದಾಗಿ ನೋಡಿದಾಗ ನೂರಾ ಐವತ್ತನಾಲ್ಕು!

ಗಡಿಯಾರ ಬಿಚ್ಚಿ ಬಂದ್ ಮಾಡಿದೆ, ಫೋನನ್ನು ಆಚಾರ್ರ ಎದೆಪಟ್ಟಿಗೆ ಜೋಡಿಸಿದೆ. ತೊಂಬತ್ತೆಂಟು. ನನಗೆ ಅಳು ನಗು ಎರಡೂ ಒಟ್ಟಿಗೆ ಬಂದವು. "ನಡೀರಿ ಆಚಾರ್ರೇ" ಎಂದೆ. ಇಪ್ಪತ್ತೆಂಟನೇ ಪಾವಟಿಗೆಯಲ್ಲಿ ನೂರಾ ನಾಲ್ಕು. ನಾನು ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತೆ, ಕಾಕು ನೀರು ತಂದು ಕೊಟ್ಟಿದ್ದು ನನಗೆ.

ಆಚಾರ್ರು ಒಳಗೆ ಹೋದರು. ಬಾಗಿಲಿಂದ ದೇವರಿಗೆ ಹತ್ತು ಹೆಜ್ಜೆಯೂ ಇರಲಿಲ್ಲ, ಫೋನಿಗೆ ಅಂಕಿ ಬರುತ್ತಲೇ ಇತ್ತು. ನೂರು. ತೊಂಬತ್ತಾರು. ಇಳಿಯಬೇಕಾದ ರೀತಿಯಲ್ಲೇ ಇಳಿಯುತ್ತಿತ್ತು. ನೀರು ಬೀಳುವ ಸದ್ದು ಕೇಳಿಸಿತು, ಮಂತ್ರ ಶುರುವಾಯಿತು. ಎರಡನೇ ಸಾಲಿಗೆ ಅವರ ದನಿ ತುಂಡಾಯಿತು. ಅಷ್ಟು ವಾರಗಳಲ್ಲಿ ಒಮ್ಮೆಯೂ ತುಂಡಾಗದ ದನಿ. ಫೋನಿನಲ್ಲಿ ನೂರಾ ಐದು, ನೂರಾ ಒಂಬತ್ತು, ನೂರಾ ಹದಿಮೂರು. ಹೆಗಲ ಮೇಲೆ ಕೊಡವಿರಲಿಲ್ಲ, ಕಾಲು ನಿಂತಲ್ಲೇ ಇತ್ತು. ಬಾಗಿಲಲ್ಲಿ ಕಾಕು ಸೆರಗು ಬಾಯಿಗೆ ಒತ್ತಿಕೊಂಡು ಬೇರೆ ಕಡೆ ನೋಡುತ್ತಿದ್ದರು. ಅರ್ಧ ನಿಮಿಷ ಕಳೆದು ದನಿ ಮತ್ತೆ ಕೂಡಿಕೊಂಡಿತು, ಅಂಕಿ ಇಳಿಯಿತು.

ಆ ಅರ್ಧ ನಿಮಿಷವನ್ನು ದಾಖಲೆಯಿಂದ ತೆಗೆಯುವುದು ಸುಲಭವಿತ್ತು. ಹತ್ತುವುದಷ್ಟೇ ಪರೀಕ್ಷೆ ಎಂದು ಇಪ್ಪತ್ತೆಂಟನೇ ಪಾವಟಿಗೆಗೆ ಕತ್ತರಿಸಿದ್ದರೆ ಯಾರೂ ಕೇಳುತ್ತಿರಲಿಲ್ಲ. ಆದರೆ ನಂಬುವಂಥ ಎನ್ನುವ ಪದದ ಕೆಳಗಿನ ಅಡ್ಡಗೆರೆ ಕಣ್ಣಿಗೆ ಕಟ್ಟಿತ್ತು. ಬೈದುಕೊಳ್ಳುತ್ತಲೇ ಪೂರ್ತಿ ಕಳಿಸಿದೆ, ನನ್ನ ನೂರಾ ಐವತ್ತನಾಲ್ಕನ್ನೂ ಸೇರಿಸಿ.

ಆರನೇ ವಾರ ಕಲಬುರಗಿಗೆ ಆಚಾರ್ರ ಜೊತೆ ನಾನೂ ಹೋದೆ. ಡಾಕ್ಟರ್ ಸಾಹೇಬರು ಕಾಗದದ ಮೇಲೆ ಬೆರಳಾಡಿಸಿಕೊಂಡು ಹೋಗಿ ನೂರಾ ಹದಿಮೂರರ ಮೇಲೆ ನಿಂತರು.

"ಇಲ್ಲೇನು ಹೊತ್ತಿದ್ರು?"

"ಏನೂ ಇಲ್ಲ ಸರ್. ನಿಂತಿದ್ರು. ದೇವರಿಗೆ ನೀರು ಹಾಕಾಕತ್ತಿದ್ರು."

"ಎಷ್ಟು ದಿವಸ ಆಗಿತ್ತು ನೀರು ಹಾಕಲಾರದ?"

"ಏಳು ವಾರ," ಎಂದರು ಆಚಾರ್ರು.

ಡಾಕ್ಟರು ಕಾಗದ ಬದಿಗಿಟ್ಟು ಅವರನ್ನು ಹತ್ತಿರ ಕರೆದರು. ಎದೆಗೆ ಕೊಳವೆಯಿಟ್ಟು ಸಾವಕಾಶ ಕೇಳಿದರು. "ಇದು ಕೊಡದ ಭಾರ ಅಲ್ಲ ಬಿಡ್ರಿ" ಎಂದು ಸಹಿ ಮಾಡಿದರು. ಒಂದು ತಿಂಗಳು ಅರ್ಧ ಕೊಡ, ಆಮೇಲೆ ಮತ್ತೆ ಪರೀಕ್ಷೆ ಮಾಡಿ ಪೂರ್ತಿ. ಪೆನ್ನು ಮುಚ್ಚುವ ಮುಂಚೆ ಇನ್ನೊಂದು ಸಾಲು ಕಣ್ಣಿಗೆ ಬಿತ್ತು.

"ಈ ನೂರಾ ಐವತ್ನಾಕು ಯಾರದು? ಇವರನ್ನ ಯಾಕ ಕರಕೊಂಡು ಬಂದಿಲ್ಲ?"

"ಬಂದಾರ್ರೀ," ಎಂದು ಆಚಾರ್ರು ನನ್ನ ಕಡೆ ಕೈ ತೋರಿಸಿದರು.

ಸೇಡಂ ತಮ್ಮನಿಗೆ ಸುದ್ದಿ ಮುಟ್ಟಿದಾಗ ಅವನು, "ನಂಗೂ ಪಾರಾತು, ನಸುಕಿನ ಬಸ್ಸು ಭಾಳ ತ್ರಾಸು" ಎಂದನಂತೆ. ನನಗೆ ಮಾತ್ರ ಪಾರಾಗಲಿಲ್ಲ. ಎಲ್ಲರಿಗೂ ವ್ಯಾಯಾಮ ಹೇಳುವವಳು ಹನ್ನೆರಡು ಪಾವಟಿಗೆಗೆ ಏದುಸಿರು ಬಿಟ್ಟ ವಿಷಯ ದವಾಖಾನೆಯ ನೆಲ ಒರೆಸುವ ಅಕ್ಕನ ತನಕ ಹೋಗಿತ್ತು. ಈಗ ಪ್ರತಿ ಶನಿವಾರ ಪೂಜೆ ಮುಗಿದ ಮೇಲೆ ನಾನು ದಂಡೆಗೆ ಹೋಗುತ್ತೇನೆ, ನನ್ನದೇ ಒಂದು ಎದೆಪಟ್ಟಿ ಒದ್ದೆ ಮಾಡಿ ಕಟ್ಟಿಕೊಂಡು ಪಾವಟಿಗೆ ಹತ್ತುತ್ತೇನೆ. ಆಚಾರ್ರು ಮೇಲಿನ ಕಟ್ಟೆಯ ಮೇಲೆ ಕೂತು ಫೋನ್ ನೋಡುತ್ತಿರುತ್ತಾರೆ. ಮೊದಲ ಶನಿವಾರ ಹದಿನಾರನೇ ಪಾವಟಿಗೆಯಲ್ಲಿ ಅವರು ಕೈ ಎತ್ತಿ ಕೂಗಿದರು.

"ನಿಲ್ರಿ ತಂಗಿ, ಕುಂದ್ರಿ. ನೂರಾ ನಲವತ್ತಾಗ್ಯದ. ನಿಮ್ಮ ಕೈಯಾಗ ಕೊಡ ಇಲ್ಲ, ನಡುವ ಕುಂತ್ರ ನಡೀತದ."